ಶ್ರೀವಾಣಿಯ ಸೀರೆಗೆ ಕೆಚ್ಚಿದ ಹಾಸು

ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಹಾಸು ಮುಗಿಯುತ್ತ ಬಂತೆಂದರೆ ಮೊದಲು ನೆನಪಾಗುವ ಹೆಸರು ದುರುಗಕ್ಕನದು. ಮಗ್ಗದ ಉದ್ದಕ್ಕೂ ಬಿಗಿದ ರೇಷ್ಮೆಯ ಎಳೆಗಳೇ ಹಾಸು. ಮೂರೋ ನಾಲ್ಕೋ ಸೀರೆ ನೇಯುವ ಹೊತ್ತಿಗೆ ಅದು ಮುಗಿಯುತ್ತದೆ. ಆಗ ಹಳೆಯ ಹಾಸಿನ ಕೊನೆಗೆ ಹೊಸ ಹಾಸಿನ ತುದಿಯನ್ನು ಎಳೆಗೆ ಎಳೆ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಒಂದೊಂದೂ ಕೂದಲಿಗಿಂತ ತೆಳು. ಒಂದು ಎಳೆ ಪಕ್ಕದ ಎಳೆಯ ಜಾಗಕ್ಕೆ ಹೋದರೂ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ. ಸೀರೆ ಉಡುವವರಿಗೆ ನೇಯ್ದವರ ನೆನಪೇ ಇರುವುದಿಲ್ಲ, ಇನ್ನು ಕೆಚ್ಚಿದವಳನ್ನು ಕೇಳುವವರು ಯಾರು. ಆದರೆ ನೇಯುವವರಿಗೆ ಗೊತ್ತು. ಅವರ ಮಟ್ಟಿಗೆ ದುರುಗಕ್ಕ ಎಂದರೆ ಊರಿನ ಡಾಕ್ಟರಿಗಿಂತ ಒಂದು ಕೈ ಮೇಲು.

ಅವಳೇನು ಮಗ್ಗದವರ ಮನೆಯ ಹೆಣ್ಣಲ್ಲ. ಹುಟ್ಟಿದ್ದು ಚಳ್ಳಕೆರೆ ಕಡೆಯ ನನ್ನಿವಾಳದಲ್ಲಿ, ಬೆಳೆದದ್ದು ಕಂಡವರ ಹೊಲದಲ್ಲಿ ಶೇಂಗಾ ಕೀಳುತ್ತ. ಬೊಮ್ಮಲಿಂಗಪ್ಪ ಎಂಬ ಹಮಾಲಿಯನ್ನು ಕಟ್ಟಿಕೊಂಡು ಮೊಳಕಾಲ್ಮೂರಿಗೆ ಬಂದಾಗ ರೇಷ್ಮೆಯನ್ನು ಮುಟ್ಟಿಯೂ ಗೊತ್ತಿರಲಿಲ್ಲ. ದ್ರಾಕ್ಷಾಯಣಮ್ಮನ ಮನೆಗೆ ಕಸಮುಸುರೆಗೆ ಸೇರಿದಳು. ದ್ರಾಕ್ಷಾಯಣಮ್ಮ ತೆಲುಗು ಮನೆಮಾತಿನ ನೇಕಾರ ಹೆಂಗಸು. ಗಂಡ ತೀರಿಕೊಂಡ ಮೇಲೆ ತಾನೇ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತವಳು. ಮುಸುರೆ ತಿಕ್ಕುವ ಈ ಹುಡುಗಿಯ ಬೆರಳು ಸಣ್ಣಗೆ, ಚುರುಕಾಗಿ ಇರುವುದನ್ನು ಒಂದು ದಿನ ನೋಡಿದಳು.

"ರಾ ದುರುಗ, ಇಲ್ಲಿ ಕೂತ್ಕೋ. ಬೂದಿ ಹಚ್ಕೋ ಬೆರಳಿಗೆ. ಎಳೆ ಮುರಿದ್ರೆ ಅಳಬ್ಯಾಡ, ಮತ್ತೆ ಹೊಸಿ."

ಬೂದಿ ಯಾಕೆಂದರೆ, ರೇಷ್ಮೆ ಜಾರುವ ಜಾತಿ. ಬೆರಳಿಗೆ ಬೂದಿ ಇದ್ದರೆ ಎರಡು ತುದಿಗಳು ಒಂದಕ್ಕೊಂದು ಹಿಡಿದುಕೊಂಡು ಹೊಸೆದುಕೊಳ್ಳುತ್ತವೆ, ಮಗ್ಗದ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಹಾಯುವಾಗ ಬಿಚ್ಚಿಕೊಳ್ಳುವುದಿಲ್ಲ. ದ್ರಾಕ್ಷಾಯಣಮ್ಮನ ಮನೆಯಲ್ಲಿ ಆ ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಹಿತ್ತಾಳೆ ಬಟ್ಟಲಿಗೆ ತುಂಬಿ ದೇವರ ಗೂಡಿನಲ್ಲಿ ಇಡುತ್ತಿದ್ದರು. ಹೊಸ ಹಾಸು ಬಂದ ದಿನ ಮೊದಲ ಚಿಟಿಕೆ ಮಗ್ಗಕ್ಕೆ, ಎರಡನೆಯದು ಕೆಚ್ಚುವವರ ಬೆರಳಿಗೆ. ಬಟ್ಟಲು ಖಾಲಿಯಾದರೆ ಬಚ್ಚಲೊಲೆಯಿಂದ ಇನ್ನಷ್ಟು ತಂದು ಸೋಸಿ ತುಂಬುವುದು, ಅಷ್ಟೇ. ದುರುಗಕ್ಕ ಕೆಲಸ ಕಲಿತದ್ದು ಆ ಬಟ್ಟಲಿನಿಂದ. ಮದುವೆಯಾದ ಹೊಸದರಲ್ಲಿ ಕಲಿತ ವಿದ್ಯೆ ತಲೆ ನರೆಯುವವರೆಗೂ ಅನ್ನ ಹಾಕಿತು.

ಬೊಮ್ಮಲಿಂಗಪ್ಪ ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಮೂಟೆ ಹೊತ್ತೂ ಹೊತ್ತೂ ಶ್ವಾಸಕೋಶ ಕೆಡಿಸಿಕೊಂಡ. ಬೀಡಿಯ ಪಾಲೂ ಇತ್ತೆನ್ನಿ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಮಲಗಿದವನ ಪಕ್ಕ ದುರುಗಕ್ಕ ದಿಕ್ಕು ತೋಚದೆ ಕೂತಿದ್ದಾಗ, ಪಕ್ಕದ ಮಂಚದವರನ್ನು ನೋಡಲು ಬಂದಿದ್ದ ಒಬ್ಬ ಹೆಂಗಸು ಇವರತ್ತಲೂ ತಿರುಗಿದಳು. ಹೆಸರು ಸರಿತಾ. ಅವಳ ಗಂಡ ಮುತ್ತುರಾಜ್ ಆ ಊರಿನ ಒಂದು ಸಣ್ಣ ಪ್ರಾರ್ಥನಾ ಮಂದಿರದ ಪಾಸ್ಟರು. ಸಭೆಯವರೆಲ್ಲ ಅವರನ್ನು ಅಯ್ಯಗಾರು ಎನ್ನುತ್ತಿದ್ದರು. ಸರಿತಾ ಉಪದೇಶ ಮಾಡಲಿಲ್ಲ. ಬೊಮ್ಮಲಿಂಗಪ್ಪ ವಾಂತಿ ಮಾಡಿಕೊಂಡಿದ್ದ ಹಾಸಿಗೆಯ ಬಟ್ಟೆಯನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಕುಕ್ಕಿ ಕುಕ್ಕಿ ತೊಳೆದು, ಹಿಂಡಿ, ಕಿಟಕಿಗೆ ಹರವಿದಳು. ಮಾರನೆಯ ದಿನವೂ ಬಂದಳು. ಅವನು ಸಾಯುವವರೆಗೂ ಬರುತ್ತಿದ್ದಳು.

"ನಿಮಗೆ ಹೇಸಿಗೆ ಆಗಲ್ವೇನ್ರಿ?" ಎಂದು ದುರುಗಕ್ಕ ಒಮ್ಮೆ ಕೇಳಿದ್ದಳು.

"ಆಗ್ತೈತೆ ಅಕ್ಕ. ಆದ್ರೆ ಇದು ಸ್ವಾಮಿ ಬಟ್ಟೆ ಅಂದ್ಕೊಂಡು ಒಗೀತೀನಿ. ಆಗ ಚೆನ್ನಾಗಿ ಒಗೀಬೇಕು ಅನ್ನಿಸ್ತೈತೆ."

ದುರುಗಕ್ಕನ ಮನಸ್ಸು ತಿರುಗಿದ್ದು ಆ ಮಾತಿಗೆ. ಗಂಡ ಹೋದ ಮೇಲೆ ಅವಳು ಸಭೆಗೆ ಸೇರಿದಳು, ದೀಕ್ಷಾಸ್ನಾನವೂ ಆಯಿತು. ಹೊಸ ಹೆಸರು ಬೇಕೇನಮ್ಮ ಎಂದು ಅಯ್ಯಗಾರು ಕೇಳಿದಾಗ, ಮಗ್ಗದ ಮನೆಯವರು ದುರುಗಕ್ಕ ಎಂದೇ ಕರೆಯುತ್ತಾರೆ, ಹೆಸರು ಬದಲಿಸಿಕೊಂಡರೆ ಕೆಲಸಕ್ಕೆ ಕರೆಯುವವರು ಯಾರನ್ನು ಹುಡುಕಬೇಕು ಎಂದಳು. ಅಯ್ಯಗಾರು ನಕ್ಕು, ಹಾಗೇ ಇರಲಿ ಎಂದರು. ದ್ರಾಕ್ಷಾಯಣಮ್ಮನೂ ಈ ವಿಷಯವನ್ನು ದೊಡ್ಡದು ಮಾಡಲಿಲ್ಲ.

"ನಿನ್ನ ದೇವ್ರು ನಿನಗೆ, ನನ್ನ ದೇವ್ರು ನನಗೆ. ಕೆಚ್ಚೋಕೆ ಮಾತ್ರ ತಪ್ಪಿಸಬ್ಯಾಡ" ಎಂದಳು.

ತಪ್ಪಿಸುವುದಿರಲಿ, ಅಲ್ಲಿಂದಾಚೆಗೆ ದುರುಗಕ್ಕನ ಕೆಲಸ ಬೇರೆಯೇ ಆಯಿತು. ಮೊದಲು ಅವಳೂ ಎಲ್ಲರ ಹಾಗೆ ಎಲೆಯಡಿಕೆ ಮೆಲ್ಲುತ್ತ, ಬೀದಿಯ ಸುದ್ದಿಯನ್ನೆಲ್ಲ ಹೊಸೆಯುತ್ತ ಕೆಚ್ಚುತ್ತಿದ್ದವಳು. ಈಗ ಎಲೆಯಡಿಕೆ ಬಿಟ್ಟಳು, ಚಾಡಿ ಬಿಟ್ಟಳು. ಕೂರುವ ಮುಂಚೆ ಕಣ್ಣು ಮುಚ್ಚಿ ಒಂದು ಗಳಿಗೆ ಮನಸ್ಸಿನಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಮುಗಿದ ಮೇಲೆ ಹಾಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳಾಡಿಸಿ ಸಡಿಲ ಕಂಡಲ್ಲಿ ಮತ್ತೆ ಹೊಸೆಯುತ್ತಿದ್ದಳು. ಯಾರೂ ಕೇಳದ ಕೆಲಸ ಅದು. ಬೂದಿಯ ಬಟ್ಟಲು ದೇವರ ಗೂಡಿನಿಂದ ಬರುತ್ತದೆಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಕೆಲಸಕ್ಕೆ ಬೂದಿ ಬೇಕು, ಬಟ್ಟಲಲ್ಲಿ ಬೂದಿ ಇದೆ. ಅಷ್ಟು ಸರಳವಾಗಿದ್ದ ಕಾಲ ಅದು. ನನ್ನನ್ನು ಕೇಳಿದರೆ ಅವಳು ನಿಜವಾಗಿ ದೇವರ ಸೇವೆ ಮಾಡಿದ್ದು ಆ ವರ್ಷಗಳಲ್ಲೇ.

"ದುರುಗಿ ಕೆಚ್ಚಿದ್ರೆ ಹಾಸು ನೋಡೋದೇ ಬ್ಯಾಡ. ಕಣ್ಮುಚ್ಚಿ ನೇಯಬಹುದು" ಎಂದು ದ್ರಾಕ್ಷಾಯಣಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ಕಣ್ಣು ಮುಚ್ಚುವ ಮಾತು ಅವಳ ಬಾಯಲ್ಲಿ ಬರೀ ಮಾತಾಗಿರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮಗ್ಗ ಬಿಡಬೇಕು ಎಂದು ಡಾಕ್ಟರು ಹೇಳಿ ಆಗಿತ್ತು. ಆದರೆ ಅವಳಿಗೊಂದು ಆಸೆ ಉಳಿದಿತ್ತು. ಬದುಕೆಲ್ಲ ಯಾರ್ಯಾರದೋ ಮದುವೆಗೆ ಸೀರೆ ನೇಯ್ದವಳ ಮನೆಯ ಪೆಟ್ಟಿಗೆಯಲ್ಲಿ ಅವಳದೇ ಕೈಯ ಒಂದು ಸೀರೆ ಇರಲಿಲ್ಲ. ಮಗಳು ಶ್ರೀವಾಣಿಗೆ ರಾಯದುರ್ಗದ ಸಂಬಂಧ ಕೂಡಿ ಬಂದಾಗ, ಧಾರೆಯ ಸೀರೆಯನ್ನು ತಾನೇ ನೇಯುವುದೆಂದು ಹಟ ಹಿಡಿದಳು.

"ಇದೊಂದು ನೇಯ್ದು ಎದ್ದುಬಿಡ್ತೀನಿ. ಆಮೇಲೆ ಕಣ್ಣು ಇದ್ರೆಷ್ಟು, ಹೋದ್ರೆಷ್ಟು" ಎಂದಳು. ಮಾವಿನಕಾಯಿ ಬಣ್ಣದ ಒಡಲು, ಕುಂಕುಮದ ಅಂಚು. ಒಳ್ಳೆಯ ರೇಷ್ಮೆ ತರಿಸಿ ಹಾಸು ಹಾಕಿಸಿದಳು. ಕೆಚ್ಚುವುದಕ್ಕೆ ಬೇರೆ ಯಾರ ಹೆಸರನ್ನೂ ಅವಳು ಎತ್ತಲಿಲ್ಲ.

ಇದೇ ಹೊತ್ತಿಗೆ ದುರುಗಕ್ಕನಿಗೂ ಒಂದು ಕರೆ ಬಂದಿತ್ತು. ಚಳ್ಳಕೆರೆಯಲ್ಲಿ ದೊಡ್ಡ ಉಜ್ಜೀವನ ಕೂಟ, ಕೆಲವು ದಿನಗಳ ಪ್ರಾರ್ಥನೆ, ಪ್ರಸಂಗ. ಬಳ್ಳಾರಿ, ಅನಂತಪುರದ ಕಡೆಯಿಂದೆಲ್ಲ ಜನ ಬರುವವರಿದ್ದರು. ದಿನದ ದುಡಿಮೆಯನ್ನೇ ದೇವರ ಸೇವೆಯಾಗಿ ಮಾಡುವುದು ಹೇಗೆ ಎಂಬುದರ ಮೇಲೆ ದುರುಗಕ್ಕ ಎದ್ದು ನಿಂತು ಸಾಕ್ಷಿ ಹೇಳಬೇಕೆಂದು ಅಯ್ಯಗಾರು ಕೇಳಿದರು. ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ಮೈಕಿನ ಮುಂದೆ ನಿಲ್ಲುವ ಯೋಗ. ಅವಳ ಎದೆ ಉಬ್ಬಿತೆಂದರೆ ತಪ್ಪೇನು? ಉಬ್ಬಿದ್ದು ತಪ್ಪಲ್ಲ. ಉಬ್ಬಿದ್ದು ಇಳಿಯಲಿಲ್ಲ, ಅಲ್ಲಿ ಕೆಟ್ಟಿತು.

ಕೂಟಕ್ಕೆ ಮುಂಚಿನ ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರು ಚಾ ಕುಡಿಯುತ್ತ ಕೂತಿದ್ದಾಗ, ಹೊರಗಿನಿಂದ ಬಂದಿದ್ದ ಒಬ್ಬಾಕೆ ದುರುಗಕ್ಕನ ಕೆಲಸದ ಬಗ್ಗೆ ಕೆದಕಿ ಕೆದಕಿ ಕೇಳಿದಳು. ಇವಳೂ ಹುರುಪಿನಿಂದ ಎಲ್ಲ ವಿವರಿಸಿದಳು. ಬೂದಿಯ ಬಟ್ಟಲಿನ ಮಾತೂ ಬಂತು.

"ದೇವರ ಗೂಡಿಂದ ತೆಗೆದಿದ್ದಾ? ಅದನ್ನ ಕೈಗೆ ಹಚ್ಕೊಂಡು ಕರ್ತನ ಕೆಲಸ ಅಂತೀಯಾ?" ಎಂದು ಆಕೆ ಹುಬ್ಬೇರಿಸಿದಳು.

ದುರುಗಕ್ಕ ಚಾ ಲೋಟವನ್ನು ಕೆಳಗಿಟ್ಟಳು. ಸರಿತಾ ಆಗ ಒಳಗೆ ಲೋಟ ತೊಳೆಯುತ್ತಿದ್ದಳು, ಅಯ್ಯಗಾರು ಯಾರನ್ನೋ ಬಸ್ಸಿಗೆ ಬಿಡಲು ಹೋಗಿದ್ದರು. ಅವರಲ್ಲಿ ಒಬ್ಬರನ್ನು ಕೇಳಿದ್ದರೂ ಮಾತು ಅಲ್ಲೇ ಮುಗಿಯುತ್ತಿತ್ತು. ಕೇಳಲಿಲ್ಲ. ಕೇಳಿದರೆ ಇಷ್ಟು ವರ್ಷ ಹಚ್ಚಿಕೊಂಡಿದ್ದು ಬಯಲಾಗುತ್ತದಲ್ಲ ಎಂಬ ಅಂಜಿಕೆ. ಮೊಳಕಾಲ್ಮೂರಿಗೆ ವಾಪಸಾಗುವ ಬಸ್ಸಿನಲ್ಲಿ ಕೂತು ತನ್ನಷ್ಟಕ್ಕೇ ತೀರ್ಮಾನ ಮಾಡಿಕೊಂಡಳು: ಇನ್ನು ಆ ಬಟ್ಟಲನ್ನು ಮುಟ್ಟುವುದಿಲ್ಲ.

ಎರಡು ದಿನ ಬಿಟ್ಟು ಶ್ರೀವಾಣಿಯ ಸೀರೆಯ ಹಾಸು ಕೆಚ್ಚಲು ಹೋದಳು. ದ್ರಾಕ್ಷಾಯಣಮ್ಮ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಮದುವೆಯೇ ಅಂದು ಎನ್ನುವ ಹಾಗೆ ಓಡಾಡುತ್ತಿದ್ದಳು. ಮಗ್ಗಕ್ಕೆ ಚಿಟಿಕೆ ಬೂದಿ ಇಟ್ಟು ಬಟ್ಟಲನ್ನು ಇವಳ ಮುಂದೆ ಚಾಚಿದಳು.

"ನನಗೆ ಬ್ಯಾಡ ಅಕ್ಕ. ನಾನು ಅದನ್ನ ಮುಟ್ಟಂಗಿಲ್ಲ."

"ಯಾಕೆ?"

"ನಮ್ಮಲ್ಲಿ ಆಗಲ್ಲ. ನಾನು ಪೌಡರ್ ತಂದೀನಿ, ಅದ್ರಲ್ಲೇ ಕೆಚ್ತೀನಿ."

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಈ ಬಟ್ಟಲಿನಿಂದಲೇ ಈ ಬೆರಳಿಗೆ ಮೊದಲ ಸಲ ಬೂದಿ ಹಚ್ಚಿದ ಕೈ ಅದು. ದ್ರಾಕ್ಷಾಯಣಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟು, "ನಿನಗೆ ಹೆಂಗೆ ಸರಿ ಅನ್ನಿಸ್ತೈತೋ ಹಂಗೆ ಮಾಡು ತಾಯಿ" ಎಂದು ಅಡುಗೆಮನೆಗೆ ಹೋದಳು.

ಮುಖಕ್ಕೆ ಹಚ್ಚುವ ಪೌಡರು ನುಣುಪಿನ ಪದಾರ್ಥ. ಅದು ರೇಷ್ಮೆಯನ್ನು ಹಿಡಿಯುವುದಿಲ್ಲ, ಜಾರಿಸುತ್ತದೆ. ಇದು ದುರುಗಕ್ಕನ ಬೆರಳಿಗೆ ಮೊದಲ ಹತ್ತು ಎಳೆಯಲ್ಲೇ ಗೊತ್ತಾಯಿತು. ಹೊಸೆತ ಸಡಿಲ ಬೀಳುತ್ತಿತ್ತು. ಇನ್ನಷ್ಟು ಬಿಗಿಯಾಗಿ ಹೊಸೆದಳು, ಉಗುಳು ಹಚ್ಚಿ ನೋಡಿದಳು. ಒಂದು ಮಾತು, 'ಅಕ್ಕ, ಇದು ಕೂಡಲ್ಲ' ಎಂದಿದ್ದರೆ ಸಾಕಿತ್ತು. ಆದರೆ ಈಗಷ್ಟೇ ದೇವರ ಹೆಸರಿನಲ್ಲಿ ಬೇಡ ಎಂದವಳು ಯಾವ ಬಾಯಲ್ಲಿ ಮತ್ತೆ ಬೇಕು ಎನ್ನುವುದು? ತನ್ನ ಹಟವನ್ನೇ ಅವಳು ವಿಶ್ವಾಸ ಎಂದುಕೊಂಡಳು. ಇಷ್ಟು ನಿಷ್ಠೆ ತೋರಿಸಿದ್ದೇನೆ, ಎಳೆ ನಿಲ್ಲುವಂತೆ ಅವನೇ ನೋಡಿಕೊಳ್ಳುತ್ತಾನೆ ಎಂದು ಕೆಲಸದ ಭಾರವನ್ನು ದೇವರ ತಲೆಗೇ ಕಟ್ಟಿದಳು. ಮುಗಿದ ಮೇಲೆ ಅಂಚಿನಿಂದ ಅಂಚಿಗೆ ಬೆರಳಾಡಿಸುವ ಪದ್ಧತಿ ಇತ್ತಲ್ಲ, ಅದನ್ನೂ ಅವತ್ತು ಬಿಟ್ಟಳು. ಆಡಿಸಿದ್ದರೆ ಗೊತ್ತಾಗುತ್ತಿತ್ತು, ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ. ಮಾರನೆಯ ಬೆಳಿಗ್ಗೆ ಚಳ್ಳಕೆರೆ ಬಸ್ಸು ಹತ್ತಿದಳು.

ಕೂಟ ಚೆನ್ನಾಗಿಯೇ ನಡೆಯಿತು. ಶಾಮಿಯಾನ ತುಂಬ ಜನ. ದುರುಗಕ್ಕ ಮೈಕ್ ಹಿಡಿದು, ಮೊದಲು ತಡವರಿಸಿ, ಆಮೇಲೆ ಸರಾಗವಾಗಿ ಮಾತಾಡಿದಳು. ಒಂದೊಂದು ಎಳೆಯನ್ನೂ ಸ್ವಾಮಿಯ ಬಟ್ಟೆಗೆ ಎಂದೇ ಕೂಡಿಸುತ್ತೇನೆ, ನನ್ನ ಕೈಯಲ್ಲಿ ಎಳೆ ಬಿಡುವುದಿಲ್ಲ ಎಂದು ಊರವರೇ ಹೇಳುತ್ತಾರೆ ಎಂದಳು. ಜನ ಸ್ತೋತ್ರ ಎಂದರು, ಚಪ್ಪಾಳೆ ತಟ್ಟಿದರು. ಹುಬ್ಬೇರಿಸಿದ್ದ ಆ ಹೆಂಗಸೂ ಬಂದು ಕೈ ಹಿಡಿದುಕೊಂಡಳು.

ಅದೇ ಹೊತ್ತಿಗೆ ಮೊಳಕಾಲ್ಮೂರಿನಲ್ಲಿ ಎಳೆ ಬಿಡುತ್ತಿದ್ದವು. ಕೆಚ್ಚಿದ ಜಾಗವನ್ನು ಹಣಿಗೆಯೊಳಗೆ ಹಾಯಿಸಲು ದ್ರಾಕ್ಷಾಯಣಮ್ಮ ಹಾಸನ್ನು ಮುಂದಕ್ಕೆ ಎಳೆದಾಗ, ಮೊದಲು ಒಂದೆರಡು, ಆಮೇಲೆ ಹಿಡಿಹಿಡಿಯಾಗಿ ಬಿಚ್ಚಿಕೊಂಡವು. ಶ್ರೀವಾಣಿ ಫೋನ್ ಮಾಡಿದಳು. ಕೂಟದಲ್ಲಿ ಸದ್ದಾಗಬಾರದೆಂದು ದುರುಗಕ್ಕ ಫೋನನ್ನು ಬಾಯಿ ಮುಚ್ಚಿಸಿ ಚೀಲದಲ್ಲಿಟ್ಟಿದ್ದಳು. ಸಂಜೆ ಅವಳೇ ತಿರುಗಿ ಫೋನ್ ಮಾಡಿದಾಗ ಶ್ರೀವಾಣಿ ಮೆತ್ತಗೆ ಹೇಳಿದಳು:

"ಆಂಟಿ, ಎಳೆ ಎಲ್ಲ ಬಿಟ್ಕೊಂಡವೆ. ಅವ್ವ ತಾನೇ ಕೂತು ಕೆಚ್ತಾ ಐತೆ. ಅವ್ವಂಗೆ ಕಣ್ಣು ಕಾಣಲ್ಲ. ನೀವು ಬರ್ತೀರಾ?"

"ನಾಳೆ ಕೊನೇ ದಿನ ಕಣವ್ವ. ಮುಗಿಸ್ಕೊಂಡು ಬಂದುಬಿಡ್ತೀನಿ. ಅವ್ವಂಗೆ ಮುಟ್ಟಬ್ಯಾಡ ಅಂತ ಹೇಳು."

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಅವತ್ತೂ ಬಸ್ಸಿತ್ತು. ಅಡುಗೆಯವರಿಗೆ ಕೈ ಸಾಲುತ್ತಿಲ್ಲ, ನಾಳೆ ಬಡಿಸಲು ಬರುತ್ತೇನೆಂದು ಮಾತು ಕೊಟ್ಟಿದ್ದೇನೆ, ಅದೂ ಸೇವೆಯೇ ಅಲ್ಲವೇ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ, ಆ ಮನೆಗೆ ಹೋದರೆ ಬಟ್ಟಲು ಎದುರಿಗೆ ಬರುತ್ತದೆಂಬ ಭಯ. ಚಪ್ಪಾಳೆಯ ಬಿಸಿಯೂ ಇನ್ನೂ ಆರಿರಲಿಲ್ಲ.

ಅವಳು ಬರುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಮದುವೆಯ ದಿನ ಹತ್ತಿರ ಬರುತ್ತಿದ್ದರಿಂದ ದ್ರಾಕ್ಷಾಯಣಮ್ಮ ಕಾಯಲಿಲ್ಲ. ಕೆಚ್ಚುವ ಇನ್ನೊಬ್ಬ ಆಳಾದ ಚಂದ್ರಣ್ಣ ಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದ. ಮಬ್ಬುಗಣ್ಣಿನಲ್ಲಿ ಕೂತು ಯಾವುದೋ ಎಳೆಯನ್ನು ಯಾವುದಕ್ಕೋ ಕೂಡಿಸಿ, ತಪ್ಪೆಂದು ತಿಳಿದು ಬಿಚ್ಚಿ, ಮತ್ತೆ ಕೂಡಿಸಿ, ಕೊನೆಗೆ ಯಾವುದು ಎಲ್ಲಿಯದೆಂದೇ ತಿಳಿಯದಂತೆ ಹಾಸು ಗೋಜಲಾಗಿತ್ತು. ಅವಳ ಎರಡೂ ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು. ದುರುಗಕ್ಕ ಹಾಸಿನ ಮುಂದೆ ಕೂತು ನೋಡಿದಳು. ಬಿಡಿಸಿ ಸರಿಮಾಡಬಹುದಿತ್ತು, ಆದರೆ ಆಮೇಲೆ ಸೀರೆ ನೇಯಲು ದಿನ ಉಳಿಯುತ್ತಿರಲಿಲ್ಲ.

"ಕತ್ತರಿಸಿ ಸುತ್ತಿಡು" ಎಂದಳು ದ್ರಾಕ್ಷಾಯಣಮ್ಮ. ಬೈಗುಳವಿಲ್ಲ, ಶಾಪವಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ರಾಯದುರ್ಗದ ಕಲ್ಯಾಣ ಮಂಟಪದಲ್ಲಿ ಶ್ರೀವಾಣಿಯ ಮದುವೆಯಾಯಿತು. ದುರುಗಕ್ಕ ಹೋಗಿದ್ದಳು, ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಹುಡುಗಿ ಅಂಗಡಿಯ ಸೀರೆಯಲ್ಲಿ ಲಕ್ಷಣವಾಗಿಯೇ ಇದ್ದಳು. ಬೀಗರ ಕಡೆಯ ಮುದುಕಿಯೊಬ್ಬಳು ಸೆರಗನ್ನು ಎತ್ತಿ ನೋಡಿ, "ನಿಮ್ಮ ಮಗ್ಗದ್ದೇನಮ್ಮ?" ಎಂದು ದ್ರಾಕ್ಷಾಯಣಮ್ಮನನ್ನು ಕೇಳಿದಳು.

"ಇಲ್ಲಮ್ಮ, ಕೊಂಡಿದ್ದು."

ಇಷ್ಟೇ ಮಾತು. ಹಿಂದೆ ಕೂತಿದ್ದ ದುರುಗಕ್ಕನಿಗೆ ಅದು ಕೇಳಿಸಿತು. ಅವಳು ಊಟಕ್ಕೆ ನಿಲ್ಲದೆ ಎದ್ದುಬಂದಳು.

ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಂಡದ್ದು ಸರಿತಾಳ ಮುಂದೆ. ಸರಿತಾ ಸೊಪ್ಪು ಸೋಸುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು.

"ಬೂದಿ ಬೂದಿನೇ ಅಲ್ವಾ ಅಕ್ಕ? ನಾವ್ಯಾರೂ ಬ್ಯಾಡ ಅಂದಿರ್ಲಿಲ್ಲ. ಅಷ್ಟು ಮನಸ್ಸಿಗೆ ಬರ್ಲಿಲ್ಲ ಅಂದ್ರೆ ಅವರ ಬಚ್ಚಲೊಲೇಲಿ ಒಂದು ಹಿಡಿ ತಗೋಬಹುದಿತ್ತಲ್ಲ."

ಬಚ್ಚಲೊಲೆ ಮಗ್ಗದ ಕೋಣೆಯ ಹಿಂದಿನ ಗೋಡೆಗೇ ಇತ್ತು. ಅದರ ಬೂದಿಯನ್ನು ದುರುಗಕ್ಕನೇ ಎಷ್ಟೋ ಸಲ ತೆಗೆದು ತಿಪ್ಪೆಗೆ ಚೆಲ್ಲಿದ್ದಳು. ಅಷ್ಟು ಹತ್ತಿರವಿದ್ದದ್ದು ಅವತ್ತು ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ಅವತ್ತು ಅವಳಿಗೆ ಬೇಕಾಗಿದ್ದದ್ದು ಎಳೆ ನಿಲ್ಲುವುದಲ್ಲ. ತಾನು ಬೇಡ ಎಂದದ್ದನ್ನು ಯಾರಾದರೂ ನೋಡಬೇಕಿತ್ತು. ಇದು ಅವಳಿಗೇ ಹೊಳೆಯಿತು, ಸರಿತಾ ಹೇಳಲಿಲ್ಲ. ಸ್ವಾಮಿಯ ಬಟ್ಟೆ ಎಂದುಕೊಂಡು ಒಗೆಯುವವಳ ಎದುರಿಗೆ ಕೂತು ದುರುಗಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ಈಗಲೂ ಅವಳು ಮನೆಮನೆಗೆ ಹೋಗಿ ಕೆಚ್ಚುತ್ತಾಳೆ. ಮೊದಲಿನ ಹಾಗೇ ಕಣ್ಣು ಮುಚ್ಚಿ ಕೂರುತ್ತಾಳೆ, ಮುಗಿದ ಮೇಲೆ ಎರಡು ಸಲ ಬೆರಳಾಡಿಸುತ್ತಾಳೆ. ಸಾಕ್ಷಿ ಹೇಳು ಎಂದರೆ ಎದ್ದು ನಿಲ್ಲುವುದಿಲ್ಲ. ಕೆಲಸ ಶುದ್ಧವಾಗಿದೆ, ಯಾರೂ ದೂರುವುದಿಲ್ಲ. ಮದುವೆ ಮುಗಿದ ಆ ದಿನಗಳಲ್ಲಿ ಮನಸ್ಸು ಮಾತ್ರ ಆ ಒಂದು ಹಾಸಿನ ಹತ್ತಿರವೇ ಸುಳಿದಾಡುತ್ತಿತ್ತು. ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಧೈರ್ಯ ಮಾಡಿ ದ್ರಾಕ್ಷಾಯಣಮ್ಮನ ಮನೆಯ ಮೆಟ್ಟಿಲು ಹತ್ತಿದಳು. ಸುತ್ತಿಟ್ಟಿದ್ದ ಹಾಸನ್ನು ಬಿಡಿಸಿ, ಒಂದೊಂದು ಎಳೆಯನ್ನೂ ಅದರದರ ಜಾಗಕ್ಕೆ ತಂದು ಕೆಚ್ಚಿಕೊಡಬೇಕು, ಮಗಳ ಮದುವೆಗೆ ಆಗದಿದ್ದರೂ ಅವಳ ಸೀಮಂತಕ್ಕಾದರೂ ಆ ಸೀರೆ ಆಗಲಿ ಎಂದು ಲೆಕ್ಕ ಹಾಕಿಕೊಂಡು ಬಂದಿದ್ದಳು.

ದ್ರಾಕ್ಷಾಯಣಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಹೆಜ್ಜೆಯ ಸದ್ದಿಗೆ ಮುಖವೆತ್ತಿದಳು.

"ಯಾರು?"

"ನಾನು ಅಕ್ಕ, ದುರುಗ."

"ರಾ, ಕೂತ್ಕೋ. ಊಟ ಮಾಡಿದ್ಯಾ?"

ದುರುಗಕ್ಕ ಅವಳ ಕಾಲ ಹತ್ತಿರ ಕೂತಳು. ಬಾಯಿಪಾಠ ಮಾಡಿಕೊಂಡು ಬಂದ ಕ್ಷಮೆಯ ಮಾತೆಲ್ಲ ಮರೆತುಹೋಯಿತು.

"ಅಕ್ಕ, ಆ ಹಾಸು ಕೊಡ್ರಿ. ಎಷ್ಟು ದಿನ ಆದ್ರೂ ಆಗ್ಲಿ, ಇಲ್ಲೇ ಕೂತು ಬಿಡಿಸಿ ಕೆಚ್ಚಿಕೊಡ್ತೀನಿ. ಒಂದೆಳೆ ತಪ್ಪದಂಗೆ ಕೆಚ್ತೀನಿ. ನೀವು ಹೆಂಗೆ ಹೇಳಿದ್ರೆ ಹಂಗೆ."

ದ್ರಾಕ್ಷಾಯಣಮ್ಮ ಕೈಚಾಚಿ, ಗಾಳಿಯಲ್ಲಿ ಸ್ವಲ್ಪ ತಡಕಾಡಿ, ಅವಳ ಕೈಯನ್ನು ಹಿಡಿದುಕೊಂಡಳು.

"ನೀನು ಕೆಚ್ತೀಯ ದುರುಗ, ನಂಗೊತ್ತು. ನೇಯೋರ್ಯಾರು?"